ಡೆಕ್ ಒಣಗುವ ಮೊದಲು

"ಹನ್ನೆರಡರೊಳಗೆ ಅಮ್ಮಂಗೆ ಹೇಳ್ಬೇಕು," ಎಂದ ಸಂಕರ್ಷಣ, ಮರಕ್ಕೆ ಹಚ್ಚುವ ಬಣ್ಣವನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸುತ್ತಾ. "ಮೈಸೂರಿನವರು ಕಾಯ್ತಿದಾರಂತೆ. ಹುಡುಗಿ ಒಳ್ಳೆಯವಳೇ."

ಧೃತಿಯ ಕಣ್ಣು ಅವನ ಮುಖಕ್ಕೆ ಹೋಯಿತು. ಯಾರು ಏನೇ ಹೇಳಲಿ, ಅವರ ಹುಬ್ಬು, ತುಟಿ ನೋಡಿ ಆಮೇಲೆ ತನ್ನ ಮಾತು ಆರಿಸುವುದು ಅವಳ ಅಭ್ಯಾಸ. ಎಷ್ಟೋ ಸಲ ಆರಿಸುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಈಗಲೂ ಅವನ ಮುಖದಲ್ಲಿ ಏನೂ ಸಿಗಲಿಲ್ಲ.

"ಒಳ್ಳೇದಾಯ್ತು," ಎಂದಳು.

ಇಬ್ಬರೂ ಚಾಮರಾಜಪೇಟೆಯ ಒಂದೇ ಕಾಲೇಜಿನಲ್ಲಿ ಪಾಠ ಹೇಳುವವರು. ಮಲ್ಲೇಶ್ವರದ ಅವಳ ಮನೆಯ ತಾರಸಿಯ ಮೇಲೆ ಮರದ ಹಲಗೆ ಹಾಸಿದ ಡೆಕ್ ಇದೆ. ಕಳೆದ ವರ್ಷ ಅದರ ಸಂದು, ರೇಲಿಂಗಿನ ಪಟ್ಟಿಗಳಿಗೆಲ್ಲ ಬ್ರಷ್‌ನಲ್ಲಿ ಬಳಿದು ಅವಳ ಸೊಂಟ ಹಿಡಿದಿತ್ತು. ಈ ಸಲ ಸ್ಪ್ರೇಯರ್ ತರೋಣವೆಂದು ಬಾಯಿಬಿಟ್ಟದ್ದೇ ತಡ, ಸ್ಟಾಫ್ ರೂಮಿನ ಊಟದ ಹೊತ್ತೆಲ್ಲ ಅದೇ ಮಾತು. ದೊಡ್ಡ ಮೋಟಾರಿನದಾದರೆ ರಭಸಕ್ಕೆ ಬಣ್ಣ ಪಕ್ಕದ ಮನೆಗೆ ಹಾರುತ್ತದೆ ಎಂದು ಅವಳು. ತೀರ ಅಗ್ಗದ್ದು ಸಿಂಪಡಿಸುವುದಿಲ್ಲ, ಉಗುಳುತ್ತದೆ ಎಂದು ಅವನು. ಕಡೆಗೆ ಕೈಯಲ್ಲಿ ಹಿಡಿಯುವ, ಒತ್ತಡ ಕಮ್ಮಿಯಿರುವ ಒಂದನ್ನು ಒಪ್ಪಿಕೊಂಡರು. ಆರಿಸುವುದು ಮುಗಿದ ದಿನ ಅವಳ ಮನಸ್ಸು ಸಪ್ಪಗಾಗಿತ್ತು.

ರಟ್ಟಿನ ಪೆಟ್ಟಿಗೆಯ ಮೇಲೆ ಒಮ್ಮೆ ಹೊಡೆದು ನೋಡಿದರು. ಹನಿ ಸಮವಾಗಿ ಬಿತ್ತು.

"ಮರದಿಂದ ಒಂದು ಗೇಣು ದೂರ ಹಿಡೀರಿ," ಎಂದ ಸಂಕರ್ಷಣ. "ಮಣಿಕಟ್ಟು ತಿರುಗಿಸ್ಬೇಡಿ, ಇಡೀ ತೋಳು ಹೋಗ್ಲಿ. ನಾನು ಹಿಂದೇನೇ ಬ್ರಷ್ ಎಳ್ಕೊಂಡು ಬರ್ತೀನಿ. ಇಲ್ಲಾಂದ್ರೆ ಬಣ್ಣ ಮರದೊಳಕ್ಕೆ ಇಳಿಯಲ್ಲ."

ಪಕ್ಕದ ತಾರಸಿಯಿಂದ ಕಲ್ಯಾಣಮ್ಮ ಇಣುಕಿದರು. "ಏನೇ ಧೃತಿ, ಸೊಳ್ಳೆಗೆ ಹೊಡೀತಿದೀಯಾ?"

"ಡೆಕ್ಕಿಗೆ, ಆಂಟಿ. ಬಟ್ಟೆ ಒಳಗೆ ತಗೊಂಡ್ಬಿಡಿ."

"ತಗೊಂಡೆ. ಬ್ರಷ್ ಹಿಡಿದಿರೋರು ಯಾರು?"

"ಕಾಲೇಜಿನೋರು."

"ಹೂಂ," ಎಂದರು ಕಲ್ಯಾಣಮ್ಮ, ಬೇಕಾದ್ದಕ್ಕಿಂತ ಉದ್ದವಾಗಿ.

ಧೃತಿ ಮಾಸ್ಕ್ ಏರಿಸಿ, ಕನ್ನಡಕ ಬಿಗಿದು ಶುರುಮಾಡಿದಳು. ಕಣ್ಣು ಹಲಗೆ ಬಿಟ್ಟು ಕದಲುವಂತಿಲ್ಲ. ಹಿಂದೆ ಬ್ರಷ್ಷಿನ ಸರಸರ. ಅವನ ಮುಖ ಕಾಣದು. ತನ್ನದೂ ಅವನಿಗೆ ಕಾಣದು. ಹಾಗೆಂದು ಹೊಳೆದದ್ದೇ, ಮಾತು ಆರಿಸದೆಯೇ ಹೊರಬಿತ್ತು.

"ಸಂಕರ್ಷಣ, ನಾನು ಒಳ್ಳೇದಾಯ್ತು ಅಂದ್ನಲ್ಲ, ಅದು ಸುಳ್ಳು."

ಸರಸರ ನಿಂತಿತು.

"ನಿಲ್ಲಿಸ್ಬೇಡಿ, ಕಲೆ ನಿಲ್ಲುತ್ತೆ. ಮೈಸೂರಿನವರಿಗೆ ಹೂಂ ಅನ್ಬೇಡಿ. ನನಗೆ ನೀವು ಬೇಕು."

ಬ್ರಷ್ ಮತ್ತೆ ಹೊರಟಿತು. ಒಂದು ಹಲಗೆ ಪೂರ್ತಿ ಮುಗಿಯಿತು. ತಿರುಗಿ ನೋಡಲಾಗದೆ ಧೃತಿಯ ಬೆನ್ನೆಲ್ಲ ಕಿವಿಯಾಯಿತು.

"ನಮ್ಮನೇಲಿರೋ ಮರ ಅಂದ್ರೆ ಊಟದ ಮಣೆ ಒಂದೇ," ಎಂದ ಅವನು ಕಡೆಗೆ. "ಮತ್ಯಾಕೆ ನಾನು ಸ್ಪ್ರೇಯರ್ ಬಗ್ಗೆ ಅಷ್ಟೊಂದು ಓದಿದೆ ಅನ್ಕೊಂಡ್ರಿ?"

ಮಾಸ್ಕಿನೊಳಗೆ ಅವಳ ಉಸಿರು ಬಿಸಿಯಾಯಿತು. "ಹೇಳ್ಬಹುದಿತ್ತಲ್ಲ?"

"ದಿನಾ ನನ್ನ ಮುಖ ಅಷ್ಟು ನೋಡ್ತಿದ್ರಿ. ಓದ್ಕೊಂಡೂ ಸುಮ್ನಿದೀರ ಅಂದ್ರೆ ಬೇಡ ಅಂತಲೇ ಅರ್ಥ, ಅನ್ಕೊಂಡೆ."

ಕೊನೆಯ ಹಲಗೆಯೂ ಮುಗಿದು ಇಬ್ಬರೂ ಪ್ಯಾರಪಿಟ್ ಗೋಡೆಗೆ ಒತ್ತಿ ನಿಂತಾಗಲೇ ಧೃತಿಗೆ ತನ್ನ ತಪ್ಪು ಕಂಡದ್ದು. ಗೋಡೆಯ ಕಡೆಯಿಂದ ಶುರುಮಾಡಿ ಮೆಟ್ಟಿಲ ಬಾಗಿಲಿಗೆ ಹಿಂದೆ ಸರಿಯಬೇಕಿತ್ತು. ಮೈಸೂರಿನ ಮಾತಿನ ಗಾಬರಿಯಲ್ಲಿ ಬಾಗಿಲಿಂದಲೇ ಶುರುಮಾಡಿದ್ದಳು. ಈಗ ನಡುವೆ ಡೆಕ್ಕಿನಗಲ ಹಸಿ ಬಣ್ಣ.

ಆ ಬದಿಯ ಮೆಟ್ಟಿಲ ಮೇಲಿಟ್ಟಿದ್ದ ಅವನ ಫೋನ್ ಬಡಿದುಕೊಳ್ಳತೊಡಗಿತು.

"ಅಮ್ಮ. ಎತ್ತದಿದ್ರೆ ಮೌನಂ ಸಮ್ಮತಿ ಲಕ್ಷಣಂ ಅಂತ ಮೈಸೂರಿಗೆ ಒಪ್ಪಿಗೆ ಕೊಟ್ಬಿಡ್ತಾರೆ!"

ಧೃತಿ ಡೆಕ್ಕನ್ನೊಮ್ಮೆ ನೋಡಿದಳು. ಎಲ್ಲೂ ಒಂದು ಕಲೆಯಿಲ್ಲ, ಒಂದು ಹನಿ ಹೆಚ್ಚಿಲ್ಲ.

"ತುಳ್ಕೊಂಡೇ ಹೋಗಿ."

"ಡೆಕ್ಕು?"

"ಹೋಗಿ ಅಂದ್ನಲ್ಲ!"

ಅವನು ಪ್ಯಾಂಟ್ ಮಡಚಿ ಬರಿಗಾಲಲ್ಲಿ ಓಡಿದ.

"ಅಮ್ಮಾ, ಮೈಸೂರಿನವರಿಗೆ ಬೇಡ ಅಂದ್ಬಿಡು... ಇಲ್ಲ, ಕೋಪ ಏನಿಲ್ಲ... ಇಲ್ಲೇ, ಮಲ್ಲೇಶ್ವರ." ಅವನು ಇತ್ತ ತಿರುಗಿ ನಕ್ಕ. "ಹೂಂ, ಅವಳೇ."

ಧೃತಿ ಮಾಸ್ಕ್ ಕೆಳಗೆಳೆದು ಗೋಡೆಗೊರಗಿದಳು.

"ಅಯ್ಯೋ, ನಡುಮಧ್ಯ ಹೆಜ್ಜೆ ಬಿತ್ತಲ್ಲೇ!" ಪಕ್ಕದಿಂದ ಕಲ್ಯಾಣಮ್ಮ ಕೂಗಿದರು. "ಒಣಗೋಕೆ ಮುಂಚೆ ಸರಿ ಮಾಡ್ಬಾರ್ದಾ?"

"ಇರ್ಲಿ ಬಿಡಿ, ಆಂಟಿ," ಎಂದಳು ಧೃತಿ.