ಹಿಂದಕ್ಕೆ ವಾಲಿದ ಅಕ್ಷರಗಳು

ಸ್ಟಿಕ್ಕರಿನ ಮೇಲಿನ ಕಾಗದ ಸುಲಿದ ಕೂಡಲೇ ಸಂಯುಕ್ತಾ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಟ್ರಕ್ಕಿನ ಎಡಬದಿಯಲ್ಲಿ ಅವಳೇ ಆರಿಸಿದ ದಪ್ಪನೆಯ ಓರೆ ಇಟಾಲಿಕ್ ಅಕ್ಷರಗಳು ಹಿಂದಕ್ಕೆ ಜಾರಿ ಬೀಳುವಂತೆ ನಿಂತಿದ್ದವು.

ಬಲಬದಿಗೆ ಓಡಿದಳು. ಅಲ್ಲಿ ಅದೇ ಹೆಸರು, ‘ಹಾಸ ಗ್ರೀನ್ಸ್’ ಮುನ್ನುಗ್ಗುತ್ತಿತ್ತು. ಇಂಗ್ಲಿಷಿನ ಇಟಾಲಿಕ್ ಯಾವತ್ತೂ ಬಲಕ್ಕೇ ವಾಲುವುದು. ಟ್ರಕ್ಕಿನ ಎಡಬದಿಗೆ ನಿಂತು ನೋಡುವವರಿಗೆ ಬಲಕ್ಕಿರುವುದು ಅದರ ಹಿಂಭಾಗ. ಈ ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿಯುವ ಪಾಠ. ಅದನ್ನೇ ಮರೆತಿದ್ದಳು, ಅದೂ ಚಂದ್ರಹಾಸನ ಟ್ರಕ್ಕಿಗೆ.

ಆಸ್ಪತ್ರೆಯ ಲ್ಯಾಬ್ ಕೆಲಸ ಬಿಟ್ಟು ತರಕಾರಿ ವ್ಯಾಪಾರಕ್ಕೆ ಇಳಿದವನು ಅವನು. ಗಾಡಿ ನಿಂತಾಗಲೂ ಓಡುತ್ತಿರುವಂತೆ ಕಾಣಬೇಕು ಎಂದು ವಾರವಾರವೂ ತಾನಿರುವ ಪುಕೆಕೊಹೆಯಿಂದ ಇಡೀ ಆಕ್ಲೆಂಡ್ ದಾಟಿ ಆಲ್ಬನಿಯ ಈ ಬೋರ್ಡ್ ಅಂಗಡಿಗೆ ಬರುತ್ತಿದ್ದ. ಈ ಫಾಂಟ್ ಜಿಮ್ಮಿನ ಬೋರ್ಡಿನಂತಿದೆ, ಅದು ಟಯರ್ ಅಂಗಡಿಯದು ಎಂದು ಅವಳು ಒಂದೊಂದನ್ನೇ ತಳ್ಳಿಹಾಕಿದಳು. ಬೇಕೆಂದೇ. ಆಯ್ಕೆ ಮುಗಿದರೆ ಅವನು ಬರುವುದೂ ಮುಗಿಯುತ್ತದಲ್ಲ. ಸ್ಕ್ರೀನ್ ನೋಡುವ ನೆಪದಲ್ಲಿ ಅವನು ಅವಳ ಕಿವಿಯ ಲೋಲಾಕನ್ನು ನೋಡುತ್ತಿದ್ದ. ಅವಳು ತಿರುಗಿದರೆ ತಟ್ಟನೆ, ಈ ಎಸ್ ಅಕ್ಷರ ಚಂದ ಉಂಟು ಎನ್ನುತ್ತಿದ್ದ.

ಅಂಗಡಿಯ ಯಜಮಾನಿ ಸುಶೀಲಾ ಆಂಟಿ ಬಂದು ನೋಡಿದರು. ಸುಮ್ಮನೆ ಕೀ ಕೊಟ್ಟು ಕಳಿಸು, ಸೊಪ್ಪು ಕೊಳ್ಳುವವರು ಇದನ್ನೆಲ್ಲ ಗಮನಿಸುವುದಿಲ್ಲ ಎಂದು ಹೇಳಿ ಒಳಗೆ ಹೋದರು. ಬೆಳಗಾದರೆ ಟ್ರಕ್ಕಿಗೆ ಮೊದಲ ಲೋಡ್. ನಿಜ ಹೇಳಿದರೆ ಅವನ ಮೊದಲ ದಿನವೂ ಹಾಳು, ಅವನ ಕಣ್ಣಲ್ಲಿ ಅವಳ ಬೆಲೆಯೂ ಮಣ್ಣುಪಾಲು. ಹೇಳದಿದ್ದರೆ ಅವನು ದಿನವೂ ಅವಳ ತಪ್ಪನ್ನು ಹೊತ್ತು ಊರು ಸುತ್ತಬೇಕು.

ಚಂದ್ರಹಾಸ ಬಂದವನೇ ಬಲಬದಿ ನೋಡಿ ಮುಖವರಳಿಸಿದ. ಸಂಯುಕ್ತಾ ಕೀಯನ್ನು ಜೇಬಿಗಿಳಿಸಿದಳು.

“ಈ ಕಡೆ ಬರ್ರಿ,” ಎಂದಳು. “ತಪ್ಪು ನಂದರೀ. ಇವು ಹಿಂದಕ್ಕ ಬೀಳಾಕತ್ತಾವ. ಎಲ್ಲಾ ಕಿತ್ತು ನೆಟ್ಟಗಿನ ಅಕ್ಷರ ಹಚ್ಚಬೇಕು. ನಾಳೆ ಗಾಡಿ ಸಿಗೂದಿಲ್ಲ.”

ಅವನ ನಗು ಆರಿತು. ಎಡಬದಿಯ ಅಕ್ಷರಗಳ ಮೇಲೆ ಬೆರಳಾಡಿಸಿದ.

“ಇಷ್ಟು ವಾರ ನೋಡಿದ್ದೀರಲ್ಲ,” ಎಂದ. “ಇದು ಹೇಗೆ ತಪ್ಪಿತು?”

ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಮನಸ್ಸು ಒಪ್ಪಲಿಲ್ಲ.

“ನಾ ಬಲಗಡೆನ ನೋಡ್ಕೋತ ಕುಂತೆ,” ಎಂದಳು. “ನೀವು ಕೂಡೋದು ಆ ಕಡೆ ಅಲ್ಲೇನ್ರಿ. ಸ್ಟೇರಿಂಗ್ ಹಿಡಕೊಂಡು ನೀವು ಹೋಗೋದ ಕಾಣ್ತಿತ್ತು ನನಗ. ಈ ಕಡೆ ನೆನಪ ಆಗಲಿಲ್ಲ.”

ಹೇಳಿಬಿಟ್ಟ ಮೇಲೆ ನಾಚಿಕೆಯಿಂದ ಕುಗ್ಗಿಹೋದಳು. ಅವನು ಫೋನ್ ತೆಗೆದು, ತರಕಾರಿ ತುಂಬಿಕೊಡುವ ಪ್ಯಾಕ್‌ಹೌಸಿನವರ ಹತ್ತಿರ ಮಾತಾಡಿದ. ನಾಳೆ ಬೇಡ, ನಾಡಿದ್ದು ಬರುತ್ತೇನೆ ಎಂದ. ಆಮೇಲೆ ಎಡಬದಿಯ ಬಾಗಿಲು ತೆರೆದು, ಸೀಟಿನ ಮೇಲಿದ್ದ ಖಾಲಿ ಕ್ರೇಟುಗಳನ್ನು ಇಳಿಸಿ ಕೆಳಗಿಟ್ಟ.

“ನನಗೆ ಈ ಕಡೆಯದ್ದೇ ಯೋಚನೆ,” ಎಂದ, ಅವಳತ್ತ ನೋಡದೆ. “ಇಲ್ಲಿ ಕೂತ್ಕೊಳ್ತೀರಾ ಅಂತ ನಿಮ್ಮನ್ನು ಕೇಳ್ಲಿಕ್ಕೆ ಧೈರ್ಯ ಸಾಲದೆ ಇಷ್ಟು ವಾರ ಫಾಂಟ್ ನೋಡಿದ್ದು.”

ಸಂಯುಕ್ತಾ ಅಂಟು ಮೆತ್ತಿದ ಕೈಯನ್ನು ಜೀನ್ಸಿಗೆ ಒರೆಸಿಕೊಂಡು, ಅವನ ಭುಜ ಹಿಡಿದು ಹತ್ತಿ ಕೂತಳು.