ಪೆನ್‌ಡ್ರೈವ್‌ನಲ್ಲಿ ಬಾರದ ಅಜ್ಜಿ

"ಏ ಮಧು, ನಮ್ಮಜ್ಜಿ ಮೂಗು ಕಟ್ ಮಾಡ್ಲಿ?"

"ಮಾಡು," ಎಂದಳು ಮಧುಮತಿ, ಹಲ್ಲು ಕಚ್ಚಿಕೊಂಡು.

ಮಧುಮತಿಯ ತರಗತಿಯ ಗೆಳತಿ ಕಾವೇರಿ ಮೌಸ್ ಎಳೆದಳು. ಅವಳ ಅಜ್ಜಿ ಲಗಮವ್ವ ಮೂಗೊರೆಸಿಕೊಳ್ಳುತ್ತಿದ್ದ ತುಣುಕು ಮಾಯವಾಯಿತು. ಈಗ ವಿಡಿಯೋದಲ್ಲಿ ಅಜ್ಜಿ ತಲೆಯ ಮೇಲೆ ಸೆರಗು ಹೊದ್ದು, ಮಗ್ಗದ ಮುಂದೆ ಟಿವಿಯವರ ಹಾಗೆ ನೆಟ್ಟಗೆ ಕುಳಿತಿದ್ದಳು.

"ನಮಸ್ಕಾರರೀ. ಇವತ್ತಿನ ತಾಜಾ ಸುದ್ದಿ. ಹುಲೆಪ್ಪನ ಆಡು ಮತ್ತ ನಮ್ಮ ನೂಲು ತಿಂದೈತಿ. ಬರ್ರಿ, ಆಡು ಏನ ಅಂತೈತಿ ಕೇಳೂಣು."

ಮಧುಮತಿಯ ಅವ್ವ ನಕ್ಕು ನಕ್ಕು ರೊಟ್ಟಿ ಸೀಯಿಸಿದಳು. ಅಪ್ಪ ಶಿವಯೋಗಿ ನಕ್ಕ ರಭಸಕ್ಕೆ ಬನಹಟ್ಟಿಯ ಮಗ್ಗಗಳೆಲ್ಲ ಒಂದು ಕ್ಷಣ ನಿಂತವು. ಜಮಖಂಡಿ ಬಸ್ ಸ್ಟ್ಯಾಂಡಿನಲ್ಲಿ ಜನ ಭೂಕಂಪವೆಂದು ಹೊರಗೆ ಓಡಿದರು. ಸುಳ್ಳೆನಿಸಿದರೆ ಹೋಗಿ ಕೇಳಿ.

ಮಧುಮತಿ ಮಾತ್ರ ಆಡಿನ ಮಾತು ಕೇಳಲು ನಿಲ್ಲಲಿಲ್ಲ. ಕಿವಿಗೆ ಬೆರಳಿಟ್ಟು, ಗೋಡೆಯ ಮೇಲಿನ ಹಲ್ಲಿಯನ್ನು ನೋಡುತ್ತ ನಿಂತಳು. ಅವಳ ಹೊಟ್ಟೆಯಲ್ಲಿ ಹೊತ್ತಿದ್ದ ಕಿಚ್ಚಿನಲ್ಲಿ ಇಡೀ ಓಣಿಗೆ ರೊಟ್ಟಿ ಬೇಯಿಸಬಹುದಿತ್ತು.

ಹೊತ್ತದೆ ಇನ್ನೇನು? ಕಂಪ್ಯೂಟರ್ ಅವಳ ಮನೆಯದು. ಮೌಸ್ ಅವಳದು. ಕಾವೇರಿ ಕುಳಿತ ಕುರ್ಚಿಯೂ ಅವಳದೇ. ನಾಳೆ ಶೈಲಾ ಟೀಚರ್ ತರಗತಿಯ ಮಕ್ಕಳು ಮಾಡಿದ 'ನಮ್ಮ ಓಣಿ' ವಿಡಿಯೋಗಳನ್ನು ನೋಡಿ ಒಂದನ್ನು ಆರಿಸುತ್ತಾರೆ. ಅದು ಸಂಜೆ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ, ಊರಿಗೆ ಊರೇ ಕುಳಿತಿರುವಾಗ, ದೊಡ್ಡ ಪರದೆಯ ಮೇಲೆ ಬರುತ್ತದೆ. ಅದಕ್ಕೆಂದೇ ಮಧುಮತಿ ತನ್ನ ವಿಡಿಯೋಕ್ಕೆ ಆ ಸಾಫ್ಟ್‌ವೇರಿನಲ್ಲಿದ್ದ ಎಫೆಕ್ಟುಗಳನ್ನೆಲ್ಲ ಸುರಿದಿದ್ದಳು. ಹೃದಯ ಸಿಡಿಯುತ್ತಿತ್ತು, ನಕ್ಷತ್ರ ತಿರುಗುತ್ತಿತ್ತು, ಪುಟ ಮಗುಚುತ್ತಿತ್ತು. ಓಣಿಯೊಂದೇ ಕಾಣುತ್ತಿರಲಿಲ್ಲ.

ಆ ಕಂಪ್ಯೂಟರಾದರೂ ಎಂಥದು! ಡೈನೋಸಾರುಗಳು ತಮ್ಮ ಮದುವೆ ವಿಡಿಯೋವನ್ನು ಅದರಲ್ಲೇ ಮಾಡಿಸಿಕೊಂಡಿದ್ದವು. ಈಗ ಬ್ಯಾಂಕಿನಲ್ಲಿರುವ ಅಪ್ಪ ಆಗ ಮದುವೆಗಳ ವಿಡಿಯೋ ಮಾಡುತ್ತಿದ್ದ.

"ಕಂಪ್ಯೂಟರ್ ಬರೂದಕ್ಕೂ ಮೊದಲ ಎರಡು ವಿಸಿಆರ್ ಬಾಜೂಕ ಬಾಜೂಕ ಇಟ್ಟು, ಒಂದು ಕ್ಯಾಸೆಟ್‌ನಿಂದ ಇನ್ನೊಂದಕ್ಕ ಕಾಪಿ ಮಾಡ್ತಿದ್ರವಾ ಕಾವೇರಿ," ಅಪ್ಪ ಶುರುಮಾಡಿದ. "ಒಂದು ತಪ್ಪಾತಂದ್ರ ಮತ್ತ ಮೊದಲಿಂದ! ಆಮ್ಯಾಲ ಕಂಪ್ಯೂಟರ್ ಜೋಡಿ ಈ ಸಾಫ್ಟ್‌ವೇರ್ ಪುಕ್ಕಟೆ ಬಂತು. ತುಣುಕು ಎಳದು ಕೆಳಗಿನ ಪಟ್ಟಿಗೆ ಇಟ್ರ ಆತು. ಸಾಲಿ ಹುಡುಗೂರು ಸೈತ ಡೈರೆಕ್ಟರ್ ಆದ್ರು ನೋಡು!"

ಅಷ್ಟರಲ್ಲಿ ಫೋನ್ ಬಂದು ಅಪ್ಪ ಹೊರಗೆ ಹೋದ. ಮುಂದಿನ ಕತೆ ಉಳಿಯಿತು. ಮಧುಮತಿಗೆ ಅದು ಬಾಯಿಪಾಠ. ಅಪ್ಪನ ಮೊದಲ ಆರ್ಡರ್ ತೇರದಾಳದ ಮದುವೆ. ಸಿಡಿಯಲ್ಲಿ 'ಪ್ರಾಜೆಕ್ಟ್' ಒಂದನ್ನೇ ಹಾಕಿ ಕೊಟ್ಟಿದ್ದ. ಬೀಗರ ಕಂಪ್ಯೂಟರಿನಲ್ಲಿ ತೆರೆದರೆ ಮದುಮಗಳ ಜಾಗದಲ್ಲಿ ಕೆಂಪು ಇಂಟು ಗುರುತು! ಹುಡುಗನ ಜಾಗದಲ್ಲೂ ಅದೇ.

"ಪ್ರಾಜೆಕ್ಟ್ ಅಂದ್ರ ಸೀರಿ ಡಿಸೈನ್ ಇದ್ದಂಗ, ಅದರಾಗ ತುಣುಕು ಇರಂಗಿಲ್ಲ," ಎಂದು ಅಪ್ಪ ಪ್ರತಿ ಸಲ ಹೇಳುತ್ತಿದ್ದ. "ಡಿಸೈನ್ ಉಟ್ಕೊಂಡು ಹೋಗಾಕ ಬರ್ತೈತೇನು? ನೇಯಬೇಕು. 'ಸೇವ್ ಮೂವಿ' ಒತ್ತಿ ಕಾಯಬೇಕು. ಆಗ ಸೀರಿ!"

ಕಾವೇರಿ ಪ್ರಾಜೆಕ್ಟನ್ನು ಪೆನ್‌ಡ್ರೈವಿಗೆ ಹಾಕಿದಳು. ಕಣ್ಣು ಮಿಟುಕಿಸುವುದರೊಳಗೆ ಕಾಪಿ ಆಯಿತು.

"ಇಷ್ಟ ಸಾಕಲ್ಲ ಮಧು?"

ಮಧುಮತಿಯ ನಾಲಿಗೆಯ ತುದಿಗೆ ತೇರದಾಳದ ಮದುವೆ ದಿಬ್ಬಣ ಸಮೇತ ಬಂದು ನಿಂತಿತು. ಅವಳು ಅದನ್ನು ನುಂಗಿದಳು.

"ಸಾಕು. ಹೋಗು, ಹೊತ್ತಾತು."

ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಕಾವೇರಿಯ ಪೆನ್‌ಡ್ರೈವ್ ಹಾಕಿದರು. ಅದೂ ಅದೇ ಕಾಲದ ಮುದಿ ಕಂಪ್ಯೂಟರ್, ಅದೇ ಸಾಫ್ಟ್‌ವೇರ್. ಪಟ್ಟಿಯ ತುಂಬ ಕೆಂಪು ಇಂಟು. ಅಜ್ಜಿಯೂ ಇಲ್ಲ, ಆಡೂ ಇಲ್ಲ.

"ನಿಮ್ಮ ಓಣ್ಯಾಗ ಮಂದಿನ ಇಲ್ಲೇನಬೇ?" ಎಂದ ಹಿಂದಿನ ಬೆಂಚಿನ ಯಲ್ಲಾಲಿಂಗ. ತರಗತಿ ಗೊಳ್ಳೆಂದಿತು.

ಕಾವೇರಿಯ ಕಿವಿ ಕೆಂಪಾಯಿತು. "ನಾನ ಏನರ ತಪ್ಪು ಒತ್ತೀನ್ರಿ ಟೀಚರ್. ಮಧು ಎಲ್ಲಾ ಬರೋಬ್ಬರಿ ಹೇಳಿಕೊಟ್ಟಿದ್ಲರಿ."

"ಇರಲಿ ಬಿಡವಾ. ಹಂಗಾರ ಮಧುಮತೀದ ಹಚ್ಚೂಣು," ಎಂದರು ಶೈಲಾ ಟೀಚರ್.

ಮಧುಮತಿ ಗೆದ್ದಿದ್ದಳು. ಈಗ ಆನೆಯ ಮೇಲೆ ಕುಳಿತಂತೆ ಆಗಬೇಕಿತ್ತು. ಆದರೆ ಆನೆಯೇ ತನ್ನ ಮೇಲೆ ಕುಳಿತಂತಾಗಿತ್ತು. ಕಾವೇರಿ ಬೆಂಚಿನ ಕಡೆ ತಲೆ ತಗ್ಗಿಸಿ ಬರುತ್ತಿದ್ದಳು.

"ಟೀಚರ್," ಮಧುಮತಿ ಎದ್ದು ನಿಂತಳು. "ಅಕೀ ವಿಡಿಯೋ ನಮ್ಮ ಮನಿ ಕಂಪ್ಯೂಟರ್‌ದಾಗ ಐತ್ರಿ. ಇನ್ನ ನೇಯ್ದಿಲ್ರಿ. ಊಟದ ಬಿಡುವಿನ್ಯಾಗ ತರ್ತೇವ್ರಿ."

"ನೇಯೂದಾ?" ಎಂದರು ಟೀಚರ್.

ಊಟದ ಗಂಟೆ ಬಾರಿಸಿದ್ದೇ ತಡ, ಕಾವೇರಿಯನ್ನು ಹಿಂದೆ ಕೂರಿಸಿಕೊಂಡು ಮಧುಮತಿಯ ಸೈಕಲ್ ಮುಧೋಳದ ಬೇಟೆನಾಯಿಯೂ ನಾಚುವಂತೆ ಓಡಿತು.

'ಸೇವ್ ಮೂವಿ' ಒತ್ತಿದರು. ಹಸಿರು ಪಟ್ಟಿ ತೆವಳತೊಡಗಿತು. ಅಷ್ಟರಲ್ಲಿ ಆಮೆಯೊಂದು ಬೀಳಗಿಯಿಂದ ಹೊರಟು, ಬನಹಟ್ಟಿ ಮುಟ್ಟಿ, ಚಹಾ ಕುಡಿದು ವಾಪಸ್ ಹೋಗಬಹುದಿತ್ತು. ಇಬ್ಬರೂ ಅದನ್ನೇ ನೋಡಿದರು.

"ನಿನಗ ನಿನ್ನೇನ ಗೊತ್ತಿತ್ತು, ಹೌದಿಲ್ಲೋ?" ಕಾವೇರಿ ಕೇಳಿದಳು.

"ಗೊತ್ತಿತ್ತು."

"ಮತ್ತ ಯಾಕ ಹೇಳಲಿಲ್ಲ?"

ಮಧುಮತಿ ಕೀಬೋರ್ಡಿನ ಧೂಳು ಕೆರೆದಳು. "ನಿಂದು ಛಲೋ ಆಗಿತ್ತು."

ಕಾವೇರಿ ಕುರ್ಚಿಯನ್ನು ಅತ್ತ ಸರಿಸಿಕೊಂಡಳು. ಪಟ್ಟಿ ತುಂಬಿತು. ಸರಿಯಾಗಿ ಬಂದಿದೆಯೇ ಎಂದು ಹಚ್ಚಿ ನೋಡಿದರು. ಮಧುಮತಿ ಮೊದಲ ಸಲ ಕೊನೆಯವರೆಗೂ ನೋಡಿದಳು. ಅಜ್ಜಿ ಮೈಕಿನಂತೆ ಮಗ್ಗದ ಲಾಳಿಯನ್ನು ಆಡಿನ ಬಾಯಿಗೆ ಹಿಡಿದಿದ್ದಳು. ಆಡು ಆ ಲಾಳಿಯ ನೂಲನ್ನೂ ತಿಂದು, "ಮ್ಯಾಂ" ಎಂದಿತು. ಮಧುಮತಿಗೆ ತಡೆಯಲಾಗಲಿಲ್ಲ. ಮೂಗಿನಿಂದಲೇ ನಗು ಬಂತು.

"ನಗಬ್ಯಾಡ. ನನಗಿನ್ನೂ ಸಿಟ್ಟೈತಿ."

"ಆಡು ನಗಸಾಕತ್ತೈತಿ, ನಾ ಏನ ಮಾಡ್ಲಿ?"

ಕಾವೇರಿ ಪೆನ್‌ಡ್ರೈವ್ ಕಿತ್ತು ತನ್ನ ಮುಷ್ಟಿಯಲ್ಲೇ ಇಟ್ಟುಕೊಂಡಳು. ಸೈಕಲ್ಲಿನ ಕ್ಯಾರಿಯರ್ ಮೇಲೆ ಹಿಂದಕ್ಕೆ ಮುಖ ಮಾಡಿ ಕುಳಿತಳು.

"ಹಂಪ್ ಬಂತು, ಹಿಡ್ಕೊ," ಎಂದಳು ಮಧುಮತಿ.

ಕಾವೇರಿ ಹಿಡಿದುಕೊಂಡಳು. ಸೀಟನ್ನು, ಮಧುಮತಿಯನ್ನಲ್ಲ.

ಗಾಳಿ ಎದುರಿಗಿತ್ತು. ಶಾಲೆ ಮುಟ್ಟುವವರೆಗೂ ಮಧುಮತಿ ಎದ್ದು ನಿಂತೇ ಪೆಡಲ್ ತುಳಿದಳು.