ಎರಡೂ ಕಡೆ ಮೂವತ್ತೇಳೂವರೆ

“ಅರೆ, ಮತ್ತ ತಪ್ಪಿತು!”

ಮಸರತ ಪೆನ್ಸಿಲ್ಲನ್ನು ಕಟ್ಟೆಯ ಮೇಲೆ ಕುಕ್ಕಿದಳು. ಪಕ್ಕದಲ್ಲಿ ಕೂತು ಹುರಿದ ಶೇಂಗಾ ಸುಲಿಯುತ್ತಿದ್ದ ಪಂಚಶೀಲಾ ಕತ್ತು ಚಾಚಿ ನೋಡಿದಳು.

ಮಸರತ ಪಕ್ಕದ ಮನೆಯವಳು, ಪಂಚಶೀಲಾಳಿಗೆ ಆಪಾ, ಅಂದರೆ ಅಕ್ಕ. ಪಿಯುಸಿ ಎರಡನೇ ವರ್ಷ, ಸೈನ್ಸು. ಪಂಚಶೀಲಾ ಆರನೇ ಕ್ಲಾಸು. ಹೆಸರು ಉದ್ದವಾಯಿತೆಂದು ಗೊಬ್ಬೂರಿನಲ್ಲಿ ಎಲ್ಲರೂ ಅವಳನ್ನು ಶೀಲಾ ಎಂದೇ ಕರೆಯುತ್ತಿದ್ದರು.

“ಏನಾತು ಆಪಾ?”

“ಈ ರಾಟಿ ಲೆಕ್ಕ ಜೀವಾ ತಿನ್ನಾಕತ್ತದ. ಇಲ್ನೋಡು, ಇದು ರಾಟಿ. ಬಾವಿ ಮ್ಯಾಲಿನ ಗಡಗಡಿ ಇದ್ದಂಗ. ಅದರ ಮ್ಯಾಲ ಒಂದು ಹಗ್ಗ. ಈ ತುದಿಗೆ ಐದು ಕಿಲೋ, ಆ ತುದಿಗೆ ಮೂರು ಕಿಲೋ. ಕೈ ಬಿಟ್ರ ಏನಾಗ್ತದ?”

“ಐದು ಕಿಲೋದ್ದು ಕೆಳಗ ಬರ್ತದ, ಮೂರು ಕಿಲೋದ್ದು ಮ್ಯಾಲ ಹೋಗ್ತದ. ಇಷ್ಟಕ್ಕ ಪಿಯುಸಿ ಯಾಕ ಓದಬೇಕು?”

“ಭಾಳ ಶ್ಯಾಣ್ಯಾಕಿ ಬಂದಿ! ಹಂಗಾದ್ರ ಹಗ್ಗದಾಗ ಟೆನ್ಷನ್ ಎಷ್ಟಿರ್ತದ ಹೇಳು.”

“ಹಗ್ಗಕ್ಕ ಎಂಥಾ ಟೆನ್ಷನ್? ಟೆನ್ಷನ್ ಇರೋದು ನಮ್ಮವ್ವಗ.”

ಮಸರತ ಬಿದ್ದು ಬಿದ್ದು ನಕ್ಕಳು. “ಆ ಟೆನ್ಷನ್ ಅಲ್ಲ ಬೇ! ಹಗ್ಗ ಎಳೀತದಲ್ಲ, ಆ ಎಳೆತಕ್ಕ ಟೆನ್ಷನ್ ಅಂತಾರ. ಪುಸ್ತಕದಾಗ ಟಿ ಅಂತ ಬರೀತಾರ. ಹಗ್ಗ ಒಂದೇ ಅಂದಮ್ಯಾಲ ಎರಡೂ ಕಡಿ ಟಿ ಒಂದೇ ಬರಬೇಕು. ನಂಗ ಈ ಕಡಿಯಿಂದ ಮಾಡಿದ್ರ ಮೂವತ್ತೇಳೂವರೆ ಬರ್ತದ, ಆ ಕಡಿಯಿಂದ ಅರವತ್ತೆರಡೂವರೆ. ಎಲ್ಲೋ ತಪ್ಪೀನಿ.”

ಅವಳು ಮತ್ತೆ ಪುಸ್ತಕದಲ್ಲಿ ಮುಳುಗಿದಳು. ಕೆಳಗೆ ಬರುವ ಕಡೆಯಲ್ಲಿ ಕಳೆಯಬೇಕಿತ್ತು, ಕೂಡಿಸಿಬಿಟ್ಟಿದ್ದಳು. ಅದನ್ನು ಸರಿ ಮಾಡಿದ ಕೂಡಲೇ ಚಪ್ಪಾಳೆ ಹೊಡೆದಳು. “ಬಂತು! ಎರಡೂ ಕಡಿ ಮೂವತ್ತೇಳೂವರೆ!”

ಶೀಲಾಳ ಕಣ್ಣು ಮಾತ್ರ ಚಿತ್ರದ ಮೇಲೆಯೇ ಇತ್ತು. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಇದು ಅವಳಿಗೆ ಹೊಸದಲ್ಲ. ಮನೆಯಲ್ಲಿ ದಿನಾ ನೋಡುತ್ತಿದ್ದಳು.

“ಆಪಾ, ನಡುವ ಒಮ್ಮೆ ಎರಡೂ ಸಮ ಬರ್ತಾವಲ್ಲ, ಆವಾಗ ನಿಲ್ತಾವೇನು?”

“ಇಲ್ಲ, ದಾಟಿ ಹೋಗ್ತಾವ.”

“ಚೂರೂ ನಿಲ್ಲಲ್ಲೇನು?”

“ಯಾಕ ನಿಲ್ತಾವ?”

ಶೀಲಾ ಒಂದು ಸಲ ಕೆಮ್ಮಿ, ಶೇಂಗಾ ಸುಲಿಯತೊಡಗಿದಳು.

ಶೀಲಾಳ ಅಪ್ಪ ಸೂರ್ಯಕಾಂತ ಸರ್ಕಾರಿ ಬಸ್ಸಿನ ಡ್ರೈವರ್. ಅವ್ವ ರಮಾಬಾಯಿ ಇನ್ನೊಂದು ಬಸ್ಸಿನ ಕಂಡಕ್ಟರ್. ಇಬ್ಬರೂ ಕಲಬುರಗಿ–ಅಫಜಲಪುರ ರೋಡಿನ ಮೇಲೆಯೇ. ಒಂದು ರಾತ್ರಿ ಅಪ್ಪ ಅಫಜಲಪುರದಲ್ಲಿ ಹಾಲ್ಟ್, ಅವ್ವ ಮನೆಯಲ್ಲಿ. ಮರುದಿನ ಅವ್ವ ಹಾಲ್ಟ್, ಅಪ್ಪ ಮನೆಯಲ್ಲಿ. ವಾರದ ರಜೆಯೂ ಬೇರೆ ಬೇರೆ. “ನಿನ್ನ ಸಲುವಾಗಿನೇ ಹಂಗ ಡ್ಯೂಟಿ ಹಾಕಿಸ್ಕೊಂಡಾರ. ದಿನಾ ರಾತ್ರಿ ಒಬ್ಬರಾದ್ರೂ ನಿನ್ನ ಹತ್ರ ಇರ್ಲಿ ಅಂತ,” ಎಂದು ಮನೆಯಲ್ಲಿದ್ದ ಅಜ್ಜಿ, ಆಯಿ, ಹೇಳುತ್ತಿದ್ದಳು.

ಆಯಿ ಹೇಳುವುದೇನೋ ಸರಿ. ಆದರೆ ಶೀಲಾಳಿಗೆ ಒಬ್ಬರು ಬೇಡವಾಗಿತ್ತು, ಇಬ್ಬರೂ ಬೇಕಾಗಿತ್ತು. ಬುದ್ಧ ಪೂರ್ಣಿಮೆಯ ದಿನ ಮೂವರೂ ಸುತ್ತ ಕೂತು ಹುಗ್ಗಿ ಉಂಡಿದ್ದರು. ಅಪ್ಪ ಹೇಳಿದ ಯಾವುದೋ ಮಾತಿಗೆ ಅವ್ವನ ನೆತ್ತಿಗೆ ತುತ್ತು ಏರುವಷ್ಟು ನಗು ಬಂದಿತ್ತು. ಮಾತು ಯಾವುದೆಂದು ಶೀಲಾಳಿಗೆ ಮರೆತುಹೋಗಿತ್ತು. ಆ ನಗು ಮರೆತಿರಲಿಲ್ಲ. ಅದಾಗಿ ಮೂರು ತಿಂಗಳು.

ಮರುದಿನ ಶನಿವಾರ. ಬೆಳಿಗ್ಗೆ ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಅವ್ವ ಶೀಲಾಳ ಹಣೆ ಮುಟ್ಟಿ ನೋಡಿದಳು.

“ಕೆಮ್ಮು ಕಡಿಮಿ ಆಗ್ಯಾದೇನು? ರಾತ್ರಿ ನಿದ್ದಿ ಬಂತೇನು? ತಣ್ಣೀರು ಕುಡೀಬ್ಯಾಡ. ನಿಂದೇ ಟೆನ್ಷನ್ ನೋಡು ನಂಗ.”

“ಹೂಂ,” ಎಂದಳು ಶೀಲಾ. ಅವಳ ತಲೆಯಲ್ಲಿ ಬೇರೆಯೇ ಲೆಕ್ಕ ನಡೆದಿತ್ತು.

ಮಧ್ಯಾಹ್ನ ಎರಡಕ್ಕೆ ಅವ್ವನ ಬಸ್ಸು ಕಲಬುರಗಿ ಬಿಡುತ್ತದೆ. ಅದೇ ಎರಡಕ್ಕೆ ಅಪ್ಪನ ಬಸ್ಸು ಅಫಜಲಪುರ ಬಿಡುತ್ತದೆ. ಎರಡೂ ಸಮ ಬರುವುದು ನಡುವೆ, ಅಂದರೆ ಚೌಡಾಪುರದಲ್ಲಿ! ಅಲ್ಲಿ ಬಸ್ಸುಗಳು ಹತ್ತು ನಿಮಿಷ ನಿಲ್ಲುತ್ತವೆ. ಮೂವರೂ ಬೆಂಚಿನ ಮೇಲೆ ಕೂತು ಶೇಂಗಾ ತಿನ್ನಬಹುದು. ನಡುವೆ ತಾನು, ಒಂದು ಕಡೆ ಅಪ್ಪ, ಇನ್ನೊಂದು ಕಡೆ ಅವ್ವ.

ಶನಿವಾರ ಶಾಲೆ ಅರ್ಧ ದಿನ. ಮನೆಗೆ ಬಂದವಳೇ ಆಯಿಯನ್ನು ಕಾಡಿ ಬೇಡಿ ಒಪ್ಪಿಸಿದಳು. ಆಯಿ ತಾನೇ ಬಸ್ ಸ್ಟ್ಯಾಂಡಿಗೆ ಬಂದು ನಿಂತಳು.

ಎರಡೂವರೆಗೆ ಗೊಬ್ಬೂರಿಗೆ ಬರಬೇಕಿದ್ದ ಅವ್ವನ ಬಸ್ಸು ಮೂರಾಗುತ್ತ ಬಂದರೂ ಇಲ್ಲ. ಅಂದು ಹುಣ್ಣಿಮೆ. ಗಾಣಗಾಪುರಕ್ಕೆ ಹೋಗುವ ಮಂದಿಯೋ ಮಂದಿ. ಅಂತೂ ಬಸ್ಸು ಬಂತು, ಬಾಗಿಲಿನವರೆಗೂ ತುಂಬಿಕೊಂಡು.

“ಏ ಶೀಲಾ! ನೀ ಎಲ್ಲಿಗೆ ಬೇ?” ಅವ್ವ ಗಾಬರಿಯಾದಳು.

“ಚೌಡಾಪುರಕ್ಕ. ಅಪ್ಪನ ಬಸ್ಸಿನ್ಯಾಗ ವಾಪಸ್ ಬರ್ತೇನಿ. ಒಂದು ಟಿಕೆಟ್ ಕೊಡ್ರಿ ಮೇಡಂ!”

ಸುತ್ತಲಿನವರು ನಕ್ಕರು. ಅವ್ವನೂ ನಗು ತಡೆಯಲಾರದೆ ಹೆಣ್ಣುಮಕ್ಕಳ ಫ್ರೀ ಟಿಕೆಟ್ ಹರಿದು ಕೈಗಿಟ್ಟಳು. ಡ್ರೈವರ್ ಮಾಳಿಂಗ ಕಾಕಾ ತನ್ನ ಹಿಂದಿನ ಸೀಟಿನ ಮೂಲೆಯಲ್ಲಿ ಅವಳಿಗೆ ಜಾಗ ಮಾಡಿಸಿದ.

ಬಸ್ಸು ಊರು ದಾಟಿತು. ಎರಡೂ ಬದಿಗೆ ತೊಗರಿ ಹೊಲ. ಶೀಲಾ ಶೇಂಗಾದ ಚೀಲ ಹಿಡಿದು ಮುಂದಿನ ಗಾಜನ್ನೇ ನೋಡುತ್ತಿದ್ದಳು. ಚೌಡಾಪುರ ಇನ್ನೂ ದೂರವಿತ್ತು. ಅಷ್ಟರಲ್ಲಿ ಎದುರಿಗೆ ಒಂದು ಬಸ್ಸು ಕಾಣಿಸಿತು.

“ಬಂದ ನೋಡು ನಿಮ್ಮಪ್ಪ,” ಎಂದ ಮಾಳಿಂಗ ಕಾಕಾ.

ಶೀಲಾ ಮುಂದಕ್ಕೆ ಬಾಗಿದಳು. ಇಲ್ಲೇ? ಈ ಹೊಲದ ನಡುವೆ? ತಮ್ಮ ಬಸ್ಸು ತಡವಾದದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಬೆಂಚೂ ಇಲ್ಲ, ಹತ್ತು ನಿಮಿಷವೂ ಇಲ್ಲ. ಜುಂಯ್ ಎಂದು ದಾಟಿ ಹೋಗುತ್ತದೆ, ಅಷ್ಟೇ. ಅಳು ಬಂದಂತಾಗಿ ಅವಳು ಸೀಟಿನಲ್ಲೇ ಮುದುಡಿದಳು.

ಆದರೆ ಮಾಳಿಂಗ ಕಾಕಾ ಬ್ರೇಕ್ ಒತ್ತಿದ. ಎದುರಿನ ಬಸ್ಸೂ ನಿಧಾನವಾಗಿ ಬಂದು ಪಕ್ಕದಲ್ಲೇ ನಿಂತಿತು, ಕಿಟಕಿಗೆ ಕಿಟಕಿ. ಅವ್ವ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದಳು. ಇದು ದಿನದ ರೂಢಿ ಎಂಬಂತೆ ಯಾರೂ ಏನೂ ಅನ್ನಲಿಲ್ಲ.

ಸೀಟಿನಲ್ಲಿ ಕುಗ್ಗಿದ್ದ ಶೀಲಾ ಅಪ್ಪನಿಗೆ ಕಾಣುವಂತಿರಲಿಲ್ಲ. ದನಿ ಮಾತ್ರ ಕೇಳಿಸಿತು.

“ಪೋರಿ ಹ್ಯಾಂಗದಾಳ? ಕೆಮ್ಮು ಕಡಿಮಿ ಆಗ್ಯಾದೇನು? ರಾತ್ರಿ ನಿದ್ದಿ ಮಾಡಿದ್ಳೇನು? ತಣ್ಣೀರು ಕುಡೀಲಾಕ ಕೊಡಬ್ಯಾಡಂತ ಆಯಿಗ ಹೇಳಿದಿಲ್ಲೋ? ಆಕಿದೇ ಟೆನ್ಷನ್ ನೋಡು ನಂಗ.”

ಶೀಲಾ ಕಿವಿಗೊಟ್ಟಳು. ಬೆಳಿಗ್ಗೆ ಅವ್ವ ಅಂದದ್ದೇ! ಒಂದೊಂದು ಮಾತೂ ಅದೇ!

“ದಿನಾ ಇದೇ ಪ್ರಶ್ನಿ ಕೇಳ್ತಾನಪ್ಪ ಈ ಮನುಷ್ಯ,” ಎಂದು ಮಾಳಿಂಗ ಕಾಕಾ ನಕ್ಕ.

“ನೀವೇ ಕೇಳ್ರಿ, ಇಲ್ಲೇ ಅದಾಳ,” ಎಂದಳು ಅವ್ವ.

ಶೀಲಾ ಎದ್ದು ನಿಂತಳು. ಅಪ್ಪನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆಮೇಲೆ ಅವನು ನಕ್ಕ, ಅವನನ್ನು ನೋಡಿ ಅವ್ವ ನಕ್ಕಳು. ಅದೇ, ಹುಗ್ಗಿ ಉಂಡ ದಿನದ ನಗು.

ಹಿಂದಿನಿಂದ ಒಂದು ಲಾರಿ ಹಾರ್ನ್ ಬಾರಿಸಿತು. ಅವ್ವ ಕೈ ಹಿಡಿದು ಅವಳನ್ನು ಕೆಳಗಿಳಿಸಿ, ರೋಡು ದಾಟಿಸಿ, ಅಪ್ಪನ ಬಸ್ಸಿಗೆ ಹತ್ತಿಸಿದಳು. ಶೀಲಾ ಒಂದು ಬೊಗಸೆ ಶೇಂಗಾ ಅವ್ವನ ಕೈಗೆ ಸುರಿದಳು. ಉಳಿದದ್ದು ಅಪ್ಪನಿಗೆ. ಬೇರೆ ಏನು ಹೇಳಬೇಕೆಂದಿದ್ದಳೋ, ಒಂದೂ ನೆನಪಾಗಲಿಲ್ಲ.

ಎರಡೂ ಬಸ್ಸು ಹೊರಟವು. ಶೀಲಾ ಹಿಂದಿನ ಗಾಜಿನವರೆಗೆ ಓಡಿದಳು. ಅವ್ವ ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದಳು. ಆ ಬಸ್ಸು ಚಿಕ್ಕದಾಗುತ್ತ ಆಗುತ್ತ ತೊಗರಿ ಹೊಲಗಳ ಆಚೆ ಮರೆಯಾಯಿತು. ಮುಂದೆ ಅಪ್ಪ ಕನ್ನಡಿಯಲ್ಲಿ ಅವಳನ್ನೇ ಹುಡುಕುತ್ತಿದ್ದ.

ಸಂಜೆ ಕಟ್ಟೆಯ ಮೇಲೆ ಮಸರತ ಕಾಯುತ್ತಿದ್ದಳು. ಆಯಿ ಅವಳಿಗೆ ಎಲ್ಲ ಹೇಳಿದ್ದಳು.

“ಸಮ ಬಂದ್ವೇನು?”

“ಬಂದ್ವು ಆಪಾ.”

“ನಿಂತ್ವೇನು?”

“ಚೂರು ನಿಂತ್ವು. ಆಮ್ಯಾಲ ಹೋದ್ವು.”

“ಬ್ಯಾಸರ ಆತೇನು?”

“ಆತು.”

ಶೀಲಾ ಪೆನ್ಸಿಲ್ ತೆಗೆದುಕೊಂಡು ನಿನ್ನೆಯ ರಾಟೆಯ ಚಿತ್ರ ಹುಡುಕಿದಳು. ಐದು ಕಿಲೋ ಅಳಿಸಿ ಅಪ್ಪ ಎಂದು ಬರೆದಳು. ಮೂರು ಕಿಲೋ ಅಳಿಸಿ ಅವ್ವ ಎಂದು ಬರೆದಳು. ಆಮೇಲೆ ಹಗ್ಗದ ಈ ಕಡೆ ಒಂದು ಟಿ, ಆ ಕಡೆ ಒಂದು ಟಿ.

“ಎಷ್ಟು ಬರ್ತದ ಹೇಳು ನೋಡೋಣ,” ಎಂದಳು ಮಸರತ.

ಶೀಲಾ ಒಂದು ಸಲ ಕೆಮ್ಮಿದಳು. ಒಳಗಿನಿಂದ ಆಯಿ ಬಿಸಿನೀರು ಕುಡಿಯಲು ಕೂಗಿದಳು.

“ಎರಡೂ ಕಡಿ ಮೂವತ್ತೇಳೂವರೆ,” ಎಂದು ಶೀಲಾ ಒಳಗೆ ಓಡಿದಳು.